ಮುನಿದ ಮೂಷಿಕನನ್ನು ಒಲಿಸುವ ಬಗೆ

ಅಡಿಗೆಮನೆಯ ಮೂಲೆಯಲ್ಲಿ ಇಲಿಯೊಂದು ಸುಳಿಯಿತೆಂದರೆ ಸಾಕು, ಮನೆಯೊಡತಿ ಮಣೆಯ ಮೇಲೇರುತ್ತಾಳೆ. ಯಜಮಾನರು ಪೊರಕೆಗೆ ಕೈಚಾಚುತ್ತಾರೆ. ಬೋನಿಗೆ ಸಿಕ್ಕಿಸಲು ಕೊಬ್ಬರಿಯ ಚೂರನ್ನು ಸುಡುವ ಉತ್ಸಾಹ ಮಕ್ಕಳದು. ವಿಘ್ನೇಶ್ವರನ ವಾಹನವೆಂಬ ಗೌರವವೆಲ್ಲ ಭಾದ್ರಪದ ಚೌತಿಯ ದಿನ ಮಣ್ಣಿನ ಮೂರ್ತಿಯ ಪಾದದ ಬಳಿ ಕುಳಿತ ಇಲಿಗೆ ಮೀಸಲು. ಅಕ್ಕಿಯ ಮೂಟೆಗೆ ತೂತು ಕೊರೆದ ಇಲಿಗೆ ಅದು ಸಲ್ಲುವುದಿಲ್ಲ.

ಆದರೆ ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಇಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಜೆಯ ಚಹಾ ಕುಡಿಯುವ ಸಂಸಾರಗಳುಂಟು. ಬಣ್ಣಬಣ್ಣದ ಇಲಿಗಳಿಗೆ ಅಲ್ಲಿ ಪ್ರದರ್ಶನಗಳುಂಟು, ತೀರ್ಪುಗಾರರುಂಟು, ಬಹುಮಾನಗಳುಂಟು; ಬ್ರಿಟನ್ನಿನಲ್ಲಿ ೧೯೭೬ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘವೊಂದೂ ಉಂಟು. ನಾಯಿಯ ಬುದ್ಧಿ, ಬೆಕ್ಕಿನ ಶುಚಿತ್ವ ಎರಡೂ ಈ ಅಂಗೈಯಗಲದ ಪ್ರಾಣಿಯಲ್ಲಿವೆ ಎಂದು ಸಾಕಿದವರು ಹೇಳಿಕೊಳ್ಳುತ್ತಾರೆ. ಅಭಿಮಾನದ ಮಾತಿನಲ್ಲಿ ತುಸು ಉತ್ಪ್ರೇಕ್ಷೆ ಇರಬಹುದು. ಆದರೂ ಸಾಕಿದ ಇಲಿ ಹೆಸರು ಹಿಡಿದು ಕರೆದರೆ ಓಡಿಬರುತ್ತದೆ, ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ತನ್ನ ಮೈಯನ್ನು ತಾನೇ ನೆಕ್ಕಿ ತೊಳೆದುಕೊಳ್ಳುವುದರಲ್ಲಿ ಕಳೆಯುತ್ತದೆ ಎಂಬುದು ಸುಳ್ಳಲ್ಲ.

ಇಂಥ ಮನೆಗಳಲ್ಲಿಯೇ ಒಮ್ಮೊಮ್ಮೆ ಒಂದು ಸಂಕಟ ತಲೆಯೆತ್ತುತ್ತದೆ. ಆರು ವಾರದ ಮರಿಯಾಗಿ ಬಂದದ್ದು, ಮಗುವಿನ ತೋಳಿನೊಳಗೆ ತೂರಿ ನಿದ್ರಿಸಿದ್ದು, ಏಳೆಂಟು ತಿಂಗಳಾಗುತ್ತಲೇ ಒಂದು ದಿನ ಪಂಜರದೊಳಗೆ ಬಂದ ಅದೇ ಮಗುವಿನ ಬೆರಳನ್ನು ಮೂಳೆ ಮುಟ್ಟುವಂತೆ ಕಚ್ಚಿಬಿಡುತ್ತದೆ. ರಕ್ತ ನಿಲ್ಲುವ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷಗಳಾಗಿರುತ್ತವೆ. ಪ್ರಾಣಿವೈದ್ಯನಲ್ಲಿ ಒಯ್ದು ಚುಚ್ಚುಮದ್ದಿನಿಂದ ಶಾಶ್ವತವಾಗಿ ಮಲಗಿಸಿಬಿಡುವುದೇ ಲೇಸೆಂದು ಹಿರಿಯರು. ಕೂಡದೆಂದು, ಕಚ್ಚಿಸಿಕೊಂಡ ಮಗುವೇ. ಇಲಿಯ ಆಯುಷ್ಯವೇ ಎರಡು ಮೂರು ವರ್ಷ. ಅದರಲ್ಲಿ ಆರು ತಿಂಗಳನ್ನು ಯಾರೂ ಮುಟ್ಟದೆ ಪಂಜರದ ಮೂಲೆಯಲ್ಲಿ ಕಳೆಯಿತೆಂದರೆ ಕಾಲು ಭಾಗದ ಬಾಳು ಮುಗಿದಂತೆ. ಆದುದರಿಂದ ಈ ಮುನಿಸಿನ ಮೂಲವೇನು, ಅದನ್ನು ಶಮನಗೊಳಿಸಬಹುದೆ, ಯಾವಾಗ ಸಾಧ್ಯವಿಲ್ಲ ಎಂಬ ವಿಚಾರ ಅಲ್ಲಿಯ ಸಾಕಣೆದಾರರ ನಡುವೆ ಬಹುಕಾಲದಿಂದ ಚರ್ಚೆಯಲ್ಲಿದೆ.

ಇಲಿ ಹಿಡಿಯುವವನ ಪಂಜರದಿಂದ

ಮನೆಯಲ್ಲಿ ಸಾಕುವ ಇಲಿ ನಮ್ಮ ಅಟ್ಟದ ಮೇಲೆ ಓಡುವ ಸಪೂರ ಇಲಿಯ ಜಾತಿಯದಲ್ಲ. ಚರಂಡಿಗಳಲ್ಲಿ, ನೆಲದ ಬಿಲಗಳಲ್ಲಿ ವಾಸಿಸುವ ದಪ್ಪ ಕಂದು ಇಲಿಯ ಸಂತತಿ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಇಲಿಗಳನ್ನು ಹಿಡಿಯುವುದೇ ಒಂದು ಕಸಬಾಗಿತ್ತು. ಹಿಡಿದ ಇಲಿಗಳನ್ನು ಹೋಟೆಲುಗಳ ಹಿಂದಿನ ಅಖಾಡಗಳಿಗೆ ಮಾರುತ್ತಿದ್ದರು. ಅಲ್ಲಿ ಬೇಟೆನಾಯಿಯೊಂದನ್ನು ಅವುಗಳ ಮೇಲೆ ಬಿಟ್ಟು, ಎಷ್ಟು ಹೊತ್ತಿನಲ್ಲಿ ಎಷ್ಟನ್ನು ಕೊಲ್ಲುವುದೆಂದು ಪಣ ಕಟ್ಟುವುದು ಅಂದಿನ ವಿನೋದ. ಇಂಥ ಕಸಬುದಾರರಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬಾತ ಪ್ರಸಿದ್ಧ. ವಿಕ್ಟೋರಿಯಾ ರಾಣಿಯವರ ಇಲಿಗಾರನೆಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ಈತ, ಕೆಂಪು ಒಳಅಂಗಿ ತೊಟ್ಟು, ಲೋಹದ ಇಲಿಗಳನ್ನು ಎರಕಹೊಯ್ದ ಪಟ್ಟಿ ಧರಿಸಿ ಬೀದಿಯಲ್ಲಿ ನಿಂತು, ಇಲಿಗಳು ಕಿಕ್ಕಿರಿದ ಪಂಜರಕ್ಕೆ ಬರಿಗೈ ಹಾಕಿ ಹಿಡಿತುಂಬ ಮೇಲೆತ್ತುತ್ತಿದ್ದನೆಂದು ಲಂಡನ್ನಿನ ಬಡಜನರ ಬಾಳನ್ನು ಕುರಿತು ಬರೆದ ಪತ್ರಿಕಾಕರ್ತ ಹೆನ್ರಿ ಮೇಹ್ಯೂ ದಾಖಲಿಸಿದ್ದಾನೆ. ಕಚ್ಚಿಸಿಕೊಳ್ಳದೆಯೇನೂ ಇರಲಿಲ್ಲ, ಇಲಿಕಡಿತದಿಂದ ಪ್ರಾಣಾಪಾಯಕ್ಕೆ ಸಿಕ್ಕಿದ ಕಥೆಗಳನ್ನೂ ಆತ ಹೇಳಿದ್ದಾನೆ.

ಬಲೆಗೆ ಬಿದ್ದವುಗಳಲ್ಲಿ ಬಿಳಿಯವು, ಮಚ್ಚೆಯವು ಕಂಡರೆ ಬ್ಲ್ಯಾಕ್ ಅವನ್ನು ಅಖಾಡಕ್ಕೆ ಕಳುಹಿಸದೆ ಬೇರೆ ಇಟ್ಟು, ತಳಿಯೆಬ್ಬಿಸಿ, ಪಳಗಿಸಿ, ಸಿರಿವಂತರ ಮನೆಯ ಹೆಣ್ಣುಮಕ್ಕಳಿಗೆ ಮಾರುತ್ತಿದ್ದ. ಸಾಕು ಇಲಿಯ ವಂಶಾವಳಿ ಬಹುಮಟ್ಟಿಗೆ ಇಲ್ಲಿಂದ ಆರಂಭ. ೧೯೦೧ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆಯ ಪ್ರಯತ್ನದಿಂದ ಏಲ್ಸ್‌ಬರಿ ಊರಿನ ಪ್ರದರ್ಶನದಲ್ಲಿ ಇಲಿಗಳಿಗೆ ಮೊದಲ ಬಾರಿಗೆ ಪ್ರವೇಶ ದೊರೆಯಿತು. ಮಕ್ಕಳ ಕಥೆಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ೧೯೦೮ರ ಪುಸ್ತಕವೊಂದನ್ನು ಸ್ಯಾಮಿ ಎಂಬ ತಮ್ಮ ಕೆಂಪುಗಣ್ಣಿನ ಬಿಳಿ ಇಲಿಯ ನೆನಪಿಗೆ ಅರ್ಪಿಸಿದರು. ಅದೇ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯದ ವಿಸ್ಟಾರ್ ಸಂಸ್ಥೆ ಬಿಳಿ ಇಲಿಗಳನ್ನು ಪ್ರಯೋಗಾಲಯಕ್ಕಾಗಿ ಕ್ರಮವಾಗಿ ತಳಿಯೆಬ್ಬಿಸತೊಡಗಿತು. ಹೀಗೆ ನೂರೈವತ್ತಕ್ಕೂ ಹೆಚ್ಚು ವರ್ಷ, ಕಚ್ಚುವುದನ್ನು ಬಿಟ್ಟು ಕಚ್ಚದ್ದನ್ನೇ ಆರಿಸಿ ಬೆಳೆಸಿದ ಫಲವಾಗಿ ಇಂದಿನ ಸಾಕು ಇಲಿ ಸಾಧುಪ್ರಾಣಿಯಾಗಿದೆ. ಅದು ಕಚ್ಚಿತೆಂದರೆ ಏನೋ ಕಾರಣವಿರಲೇಬೇಕು.

ಸೈಬೀರಿಯದ ಎರಡು ಕುಲಗಳು

ಸಾಧುತನ ಹುಟ್ಟಿನಿಂದ ಬರುವುದೇ, ಸಾಕಣೆಯಿಂದ ಬರುವುದೇ ಎಂಬ ಪ್ರಶ್ನೆಗೆ ರಷ್ಯದಲ್ಲಿ ನಡೆದ ಪ್ರಯೋಗವೊಂದು ವಿಸ್ಮಯಕರವಾದ ಉತ್ತರ ಕೊಟ್ಟಿದೆ. ನರಿಗಳನ್ನು ಪಳಗಿಸಿ ಹೆಸರಾದ ದ್ಮಿತ್ರಿ ಬೆಲ್ಯಾಯೆವ್ ಅವರ ಮಾರ್ಗದರ್ಶನದಲ್ಲಿ, ನೊವೊಸಿಬಿರ್ಸ್ಕ್ ನಗರದ ಸಂಶೋಧನಾಲಯದಲ್ಲಿ, ೧೯೭೨ರಲ್ಲಿ ಕಾಡು ಕಂದು ಇಲಿಗಳನ್ನು ಹಿಡಿದು ತಂದರು. ಪ್ರತಿಯೊಂದರ ಎದುರಿಗೂ ಕೈಗವಸು ತೊಟ್ಟ ಕೈಯನ್ನು ಚಾಚುವುದು. ಅತಿ ಕಡಿಮೆ ಕೆರಳಿದವನ್ನು ಒಂದು ಕಡೆ, ಅತಿ ಹೆಚ್ಚು ಕೆರಳಿದವನ್ನು ಇನ್ನೊಂದು ಕಡೆ ಬೇರ್ಪಡಿಸಿ ತಳಿಯೆಬ್ಬಿಸುವುದು. ಪರೀಕ್ಷೆಯೆಂದರೆ ಅಷ್ಟೇ. ಅರುವತ್ತಕ್ಕೂ ಮಿಕ್ಕಿದ ತಲೆಮಾರುಗಳು ಕಳೆದಾಗ ಎರಡು ಕುಲಗಳೇ ನಿರ್ಮಾಣವಾಗಿದ್ದವು. ಒಂದು ಕುಲದ ಇಲಿ ಕೈಯಲ್ಲಿ ಹಿಡಿದರೆ ಜೋತು ಮಲಗುತ್ತದೆ. ಇನ್ನೊಂದು, ಕೈ ಕಂಡೊಡನೆ ಕಿರುಚಿ ನೆಗೆದು ಗವಸನ್ನು ಕಚ್ಚಿ ಜೋತಾಡುತ್ತದೆ. ಉಗ್ರಕುಲದ ಮರಿಗಳನ್ನು ಸಾಧುಕುಲದ ತಾಯಿಯ ಮಡಿಲಿಗೆ ಹಾಕಿ ಮೊಲೆಯುಣಿಸಿದರೂ ಅವು ಬೆಳೆದು ಉಗ್ರವೇ ಆದುವು. ಮೂತ್ರಪಿಂಡದ ಮೇಲಿರುವ, ದೇಹವನ್ನು ಕಾದಾಟಕ್ಕೋ ಓಟಕ್ಕೋ ಅಣಿಗೊಳಿಸುವ ಅಡ್ರಿನಲ್ ಗ್ರಂಥಿ ಸಾಧುಕುಲದಲ್ಲಿ ಚಿಕ್ಕದು. ಎರಡು ಕುಲಗಳನ್ನು ಬೆರಸಿ, ಎರಡನೆಯ ಪೀಳಿಗೆಯ ಏಳುನೂರಕ್ಕೂ ಹೆಚ್ಚು ಮೊಮ್ಮಕ್ಕಳನ್ನು ಪರೀಕ್ಷಿಸಿದ ಜರ್ಮನ್, ರಷ್ಯನ್ ಮೊದಲಾದ ವಿಜ್ಞಾನಿಗಳು, ಸಾಧುತನದ ಮೇಲೆ ಪ್ರಭಾವ ಬೀರುವ ಸ್ಥಾನಗಳನ್ನು ವಂಶವಾಹಿಗಳಲ್ಲಿ ಗುರುತಿಸಿ ೨೦೦೯ರಲ್ಲಿ ಪ್ರಕಟಿಸಿದರು.

ಇದನ್ನು ಓದಿ, ಕಚ್ಚುವ ಇಲಿಯೆಲ್ಲ ಹುಟ್ಟುಗುಣದ ಕೈದಿಯೆಂದು ಕೈಚೆಲ್ಲುವುದು ತಪ್ಪು. ಸೈಬೀರಿಯದವು ಎರಡು ತುದಿಗಳು. ಅಂಗಡಿಯಿಂದ ಬಂದ ಸಾಕು ಇಲಿ ಆ ಉಗ್ರತೆಯ ಹತ್ತಿರಕ್ಕೂ ಬಾರದು. ಆದರೆ ಇಂಗ್ಲೆಂಡಿನ ಅನುಭವಿ ಸಾಕಣೆದಾರರು ಕಾರಣವಿಲ್ಲದೆ ಕಚ್ಚುವ ಇಲಿಯಿಂದ ಎಂದೂ ಮರಿ ತೆಗೆಯುವುದಿಲ್ಲ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಮರಿ ಕೊಳ್ಳುವವರು ಮೊದಲು ತಾಯಿತಂದೆಯರನ್ನು ಕೈಯಲ್ಲಿ ಎತ್ತಿ ನೋಡಬೇಕೆಂಬುದೂ ಇದಕ್ಕಾಗಿಯೇ. ಹೆಣ್ಣು ತರುವ ಮುನ್ನ ತಾಯಿಯನ್ನು ನೋಡು ಎಂಬ ನಮ್ಮ ಹಿರಿಯರ ಎಣಿಕೆ ಇಲ್ಲಿಗೂ ಒಪ್ಪುತ್ತದೆ!

ಯಾವ ಕಡಿತ, ಏತರ ಕಡಿತ

ಇಲಿಯ ಕಣ್ಣು ಮಂದ. ಕೆಂಪುಗಣ್ಣಿನ ಬಿಳಿ ಇಲಿಗಂತೂ ಇನ್ನೂ ಮಂದ. ಎದುರಿಗಿರುವ ವಸ್ತು ಎಷ್ಟು ದೂರವೆಂದು ಅಳೆಯಲು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ. ಹೊಸಬರು ಇದನ್ನು ಹಾವಿನ ಹೆಡೆಯಾಟವೆಂದು ತಿಳಿದು ಬೆಚ್ಚುವುದುಂಟು. ಮೂಗು, ಮೀಸೆ, ಕಿವಿಗಳಿಂದ ಲೋಕವನ್ನರಿಯುವ ಪ್ರಾಣಿಗೆ ಈರುಳ್ಳಿಯ ವಾಸನೆ ಹತ್ತಿದ ಬೆರಳು ಈರುಳ್ಳಿಯೇ. ಕಂಬಿಗಳ ಸಂದಿಯಿಂದ ಕಡಲೆಬೀಜ ತೂರಿಸುವ ಅಭ್ಯಾಸವಿದ್ದ ಮನೆಯಲ್ಲಿ, ಸಂದಿಯಿಂದ ಬಂದದ್ದೆಲ್ಲ ಕಡಲೆಬೀಜವೇ. ಇಂಥ ಕಡಿತ ಮುನಿಸಿನದಲ್ಲ, ಮರೆವಿನದು. ಕೈತೊಳೆದುಕೊಂಡು, ಸಂದಿಯಿಂದ ತಿನಿಸುವುದನ್ನು ನಿಲ್ಲಿಸಿದರೆ ತಾನಾಗಿ ಹೋಗುತ್ತದೆ.

ಭಯದ ಕಡಿತ ಬೇರೆ. ಆಕಾಶದಿಂದ ಎರಗುವ ಹದ್ದು, ಗೂಬೆಗಳಿಗೆ ಸಾವಿರಾರು ವರ್ಷ ಬಲಿಯಾದ ಜೀವ ಅದು. ಮೇಲಿನಿಂದ ಇಳಿದುಬರುವ ಕೈ ಅದಕ್ಕೆ ಹದ್ದಿನ ಕಾಲುಗುರು. ಹವಾಯಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮತ್ತು ಕ್ಯಾರೊಲಿನ್ ಬ್ಲಾಂಚರ್ಡ್ ದಂಪತಿಗಳು ೧೯೭೦ರ ದಶಕದಿಂದ ಇಲಿಗಳ ಕಾದಾಟವನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟಿದ್ದಾರೆ. ಓಡಲು ದಾರಿಯಿದ್ದರೆ ಇಲಿ ಓಡುತ್ತದೆ. ದಾರಿ ಮುಚ್ಚಿದರೆ ಕಲ್ಲಿನಂತೆ ನಿಲ್ಲುತ್ತದೆ. ಶತ್ರು ತೀರ ಹತ್ತಿರವಾದಾಗ ಮಾತ್ರ ಕಿರುಚಿ ನೆಗೆದು ಕಚ್ಚುತ್ತದೆ. ಪಂಜರದ ಮೂಲೆಗೆ ಒತ್ತರಿಸಿ ಹಿಡಿಯಹೋದವರು ಈ ಮೂರನೆಯ ಹಂತಕ್ಕೆ ತಾವೇ ಅದನ್ನು ನೂಕುತ್ತಾರೆ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ದರ್ಪದ ಕಡಿತ. ತನ್ನ ನೆಲಕ್ಕೆ ಬಂದ ಪರಕೀಯ ಗಂಡನ್ನು ಓಡಿಸಲು ಗಂಡಿಲಿ ಮೈಕೂದಲನ್ನು ನಿಮಿರಿಸಿ, ಬೆನ್ನು ಬಾಗಿಸಿ, ಪಕ್ಕಕ್ಕೆ ತಿರುಗಿ ಅಡ್ಡಡ್ಡವಾಗಿ ನೂಕುತ್ತ ಬಂದು ಬೆನ್ನಿಗೋ ಸೊಂಟಕ್ಕೋ ಕಚ್ಚುತ್ತದೆ. ಆತ್ಮರಕ್ಷಣೆಗೆ ಕಚ್ಚುವಾಗ ಅದರ ಗುರಿ ಎದುರಾಳಿಯ ಮುಖ. ದಾಳಿಯಿಟ್ಟು ಕಚ್ಚುವಾಗ ಬೆನ್ನು. ಈ ವ್ಯತ್ಯಾಸವೂ ಬ್ಲಾಂಚರ್ಡರ ಶೋಧನೆಯೇ. ಐದಾರು ತಿಂಗಳಿನಿಂದ ವರ್ಷದೊಳಗೆ, ಯೌವನ ತುಂಬುತ್ತಿರುವ ಗಂಡುಗಳಲ್ಲಿ ಕೆಲವಕ್ಕೆ ಮನುಷ್ಯನ ಕೈಯೂ ಒಂದು ಪರಕೀಯ ಗಂಡಾಗಿಯೇ ತೋರುತ್ತದೆ. ಪಂಜರದ ಒಳಗೆ ರಾಕ್ಷಸ, ಹೊರಗೆ ಸೋಫಾದ ಮೇಲೆ ಪರಮ ಸಾಧು ಎನಿಸುವ ಇಲಿ ಈ ಬಗೆಯದು. ಮರಿಯಿಟ್ಟ ತಾಯಿ ಗೂಡಿಗೆ ಕೈ ಹಾಕಿದರೆ ಕಚ್ಚುವುದೂ ನೆಲಕಾಯುವ ಕಡಿತವೇ. ಅದನ್ನು ರೋಗವೆಂದು ಎಣಿಸದೆ ಕೆಲವು ದಿನ ಸುಮ್ಮನಿರಬೇಕು.

ಮುದಿಯಾದ, ಎಂದೂ ಕಚ್ಚದ ಇಲಿ ಥಟ್ಟನೆ ಕಚ್ಚಿದರೆ ಶಿಕ್ಷಣದ ಮಾತೇ ಬೇಡ. ನೇರವಾಗಿ ವೈದ್ಯನ ಬಳಿಗೆ ಹೋಗಬೇಕು. ಇಲಿಯ ಬಾಚಿಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಸವೆಯದಿದ್ದರೆ ವಕ್ರವಾಗಿ ಬೆಳೆದು ವಸಡಿಗೆ ಚುಚ್ಚುತ್ತದೆ. ಕಿವಿಯೊಳಗಿನ ಕೀವು, ತೊಗಲಿನಡಿಯ ಗಡ್ಡೆ, ಮೆದುಳಿನ ಬುಡದ ಗ್ರಂಥಿಯ ಗಡ್ಡೆ, ಇವೆಲ್ಲ ಮುಪ್ಪಿನಲ್ಲಿ ಸಾಮಾನ್ಯ. ಕಣ್ಣು ಮೂಗುಗಳ ಸುತ್ತ ಕೆಂಪು ಕಲೆ ಕಂಡರೆ ರಕ್ತವೆಂದು ಗಾಬರಿಪಡಬೇಕಿಲ್ಲ, ಅದು ಕಣ್ಣಿನ ಹಿಂದಿನ ಗ್ರಂಥಿಯ ಸ್ರಾವ. ಆದರೆ ನೋವಿಗೋ ಕಳವಳಕ್ಕೋ ಅದು ಗುರುತು.

ಕೈ ಮುಂದೆ ಹೋಗುವ ಬಗೆ

ಭಯಪಟ್ಟ ಇಲಿಯನ್ನು ಒಲಿಸುವ ಕೆಲಸ ಕೈಯಿಂದಲ್ಲ, ವಾಸನೆಯಿಂದ ಆರಂಭವಾಗಬೇಕು. ಒಂದು ದಿನ ತೊಟ್ಟ ಬನಿಯನ್ನನ್ನು, ಇಲ್ಲವೆ ರಾತ್ರಿ ಹಾಸಿಗೆಯಲ್ಲಿದ್ದ ಬಟ್ಟೆಯ ತುಂಡನ್ನು ಪಂಜರದಲ್ಲಿಟ್ಟರೆ ಇಲಿ ಅದನ್ನು ಎಳೆದು ಗೂಡಿಗೆ ಹಾಸಿಕೊಳ್ಳುತ್ತದೆ. ಹೀಗೆ ಯಜಮಾನನ ವಾಸನೆ ನಿದ್ರೆಯ ವಾಸನೆಯಾಗುತ್ತದೆ. ಅನಂತರ ಚಮಚ. ಚಮಚದ ತುದಿಯಲ್ಲಿ ಮೊಸರನ್ನೋ ಮೆತ್ತಗೆ ಬೆಂದ ಅನ್ನದ ಗಂಜಿಯನ್ನೋ ಹಚ್ಚಿ ನೀಡಬೇಕು. ಕಡಲೆಬೀಜವಾದರೆ ಕಿತ್ತುಕೊಂಡು ಓಡಿಹೋಗುತ್ತದೆ. ಮೊಸರನ್ನು ನಿಂತೇ ನೆಕ್ಕಬೇಕು. ಆ ನಿಲ್ಲುವ ಒಂದು ನಿಮಿಷವೇ ಲಾಭ. ಸಿಟ್ಟಿನಿಂದ ಕಚ್ಚಿದರೂ ಹಲ್ಲಿಗೆ ಸಿಗುವುದು ಲೋಹ. ದಿನದಿನಕ್ಕೂ ಚಮಚದ ಹಿಡಿಯನ್ನು ಗಿಡ್ಡವಾಗಿ ಹಿಡಿಯುತ್ತ ಬಂದರೆ ಕಡೆಗೊಮ್ಮೆ ನಾಲಗೆ ಬೆರಳನ್ನು ಮುಟ್ಟುತ್ತದೆ. ಕೆಲವಕ್ಕೆ ಎರಡು ವಾರ ಸಾಕು, ಕೆಲವಕ್ಕೆ ಎರಡು ತಿಂಗಳೂ ಬೇಕು.

ಎತ್ತುವಾಗ ಬದಿಯಿಂದ, ಕೆಳಗಿನಿಂದ ಕೈ ತರಬೇಕು. ಒಂದು ಕೈ ಎದೆಯ ಅಡಿಗೆ, ಇನ್ನೊಂದು ಹಿಂಭಾಗದ ಅಡಿಗೆ. ಎತ್ತಿದೊಡನೆ ಮೈಗೆ ಒತ್ತಿ ಹಿಡಿಯಬೇಕು. ಬಾಲ ಹಿಡಿದು ಎತ್ತುವುದು ಮಹಾಪರಾಧ: ಬಾಲದ ತೊಗಲು ಗವಸಿನಂತೆ ಕಳಚಿಬರುವುದುಂಟು. ನಿದ್ರಿಸುವ ಇಲಿಯನ್ನು ಮಾತನಾಡಿಸದೆ ಮುಟ್ಟಲೂ ಕೂಡದು. ದಪ್ಪ ತೊಗಲಿನ ಕೈಗವಸನ್ನು ಹಲವರು ಶಿಫಾರಸು ಮಾಡುತ್ತಾರಾದರೂ ಅದರಲ್ಲಿ ಒಂದು ದೋಷವಿದೆ. ತೊಟ್ಟವನಿಗೆ ತಾನೆಷ್ಟು ಬಿಗಿಯಾಗಿ ಒತ್ತುತ್ತಿದ್ದೇನೆಂಬ ಅರಿವಿರುವುದಿಲ್ಲ, ಇಲಿಗೆ ಕೈಯ ಪರಿಚಯವಾಗುವುದಿಲ್ಲ. ಅದಕ್ಕಿಂತ ಸಣ್ಣ ಟವಲನ್ನು ಮೇಲೆ ಹೊದಿಸಿ, ಮಗುವನ್ನು ಸುತ್ತಿದಂತೆ ಸುತ್ತಿ ಎತ್ತುವುದು ಮೇಲು.

ಇಲಿಗೆ ತರ್ಕಶಕ್ತಿ ಬಹಳ. ಒಮ್ಮೆ ಕಚ್ಚಿದಾಗ ಕೈ ಚಂಗನೆ ಹಿಂದಕ್ಕೆ ಹೋಯಿತೆಂದರೆ, ಕೈಯನ್ನು ಕಳುಹಿಸುವ ಉಪಾಯ ಕಚ್ಚುವುದೇ ಎಂದು ಕಲಿತುಬಿಡುತ್ತದೆ. ಹೀಗಾಗಿ ಮೂತಿಯಿಂದ ನೂಕಿದಾಗ, ಸಣ್ಣಗೆ ಹಲ್ಲು ಒತ್ತಿದಾಗ ಕೈಯನ್ನು ಎಳೆಯದೆ ಅಲ್ಲಿಯೇ ನಿಲ್ಲಿಸಿ, ಅದು ಶಾಂತವಾದ ಮೇಲೆ ನಿಧಾನವಾಗಿ ತೆಗೆಯಬೇಕೆಂದು ಬಲ್ಲವರ ಮತ. ರಕ್ತ ಚಿಮ್ಮುವಾಗಲೂ ಅಲುಗದಿರು ಎಂದು ಹೇಳುವುದು ಸುಲಭ. ಪಾಲಿಸುವುದು ಸ್ಥಿತಪ್ರಜ್ಞರಿಗೆ ಮಾತ್ರ ಸಾಧ್ಯ! ಸಾಮಾನ್ಯರು ಆ ಹಂತಕ್ಕೆ ಹೋಗದಂತೆ ಮೊದಲೇ ಮೈಕೂದಲನ್ನು, ಭಂಗಿಯನ್ನು ನೋಡಿಕೊಳ್ಳುವುದು ಲೇಸು. ಕೂದಲು ಮುಳ್ಳುಹಂದಿಯಂತೆ ನಿಮಿರಿದ್ದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು. ಹೊಡೆಯುವುದು, ಮೂಗಿಗೆ ತಟ್ಟುವುದು, ಗದರುವುದು ಇವುಗಳಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ತಾನೇಕೆ ಪೆಟ್ಟು ತಿಂದೆನೆಂದು ಇಲಿಗೆ ತಿಳಿಯದು, ಕೈ ಕೆಟ್ಟದೆಂಬ ಅದರ ಶಂಕೆ ಮಾತ್ರ ದೃಢವಾಗುತ್ತದೆ.

ಸಾಕಣೆದಾರರಲ್ಲಿ ಇಲ್ಲೊಂದು ಮತಭೇದವುಂಟು. ಇಲಿ ತಾನಾಗಿ ಬರುವ ತನಕ ಕಾಯಬೇಕೆಂಬುದು ಒಂದು ಪಂಥ. ಪ್ರತಿದಿನ ಇಪ್ಪತ್ತು ನಿಮಿಷ, ಒಪ್ಪಲಿ ಬಿಡಲಿ, ಅಂಗಿಯೊಳಗೋ ಮಡಿಲಲ್ಲೋ ಇರಿಸಿಕೊಂಡು ಅದು ಹಗುರಾದ ಮೇಲೆಯೇ ಬಿಡಬೇಕೆಂಬುದು ಇನ್ನೊಂದು. ಅಂಜುಬುರುಕ ಮರಿಗಳ ವಿಷಯದಲ್ಲಿ ಎರಡನೆಯದು ಬೇಗ ಫಲ ಕೊಡುವುದು ನಿಜ. ಆದರೆ ಆಳವಾಗಿ ಕಚ್ಚುವ ಬಲಿತ ಇಲಿಯ ಮೇಲೆ ಬಲವಂತ ಪ್ರಯೋಗಿಸಿದರೆ ಸಿಗುವುದು ಗಾಯ. ಮೂಲೆಗೆ ಸಿಕ್ಕ ಇಲಿಯ ಮೂರನೆಯ ಹಂತವನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿರದು.

ನೆಲದ ದರ್ಪವಿರುವ ಇಲಿಗಾದರೆ ನೆಲವನ್ನೇ ಬದಲಿಸುವುದು ಜಾಣತನ. ಇಂಗ್ಲೆಂಡಿನ ಮನೆಗಳಲ್ಲಿ ಇದಕ್ಕೊಂದು ತಮಾಷೆಯ ವ್ಯವಸ್ಥೆಯುಂಟು: ಬರಿದಾದ ಸ್ನಾನದ ತೊಟ್ಟಿ. ಟವಲು ಹಾಸಿ, ಯಜಮಾನ ಬಟ್ಟೆಯುಟ್ಟೇ ತೊಟ್ಟಿಯೊಳಗೆ ಕಾಲು ಚಾಚಿ ಕೂರುತ್ತಾನೆ. ಇಲಿಯನ್ನು ಜೊತೆಗೆ ಬಿಡುತ್ತಾರೆ. ಅದು ಯಾರ ರಾಜ್ಯವೂ ಅಲ್ಲದುದರಿಂದ ಇಲಿ ಕಾದಾಡುವುದನ್ನು ಮರೆತು ಮೊಣಕಾಲಿನ ಗುಡ್ಡ ಹತ್ತುತ್ತದೆ. ಪಂಜರವನ್ನು ಶುಚಿ ಮಾಡುವಾಗ ಇಲಿಯನ್ನು ಹೊರಗಿರಿಸಿಯೇ ಮಾಡುವುದು ಕ್ಷೇಮ. ಇನ್ನೊಂದು ಮಾತು: ಕಚ್ಚಿತೆಂದು ಸಂಗಾತಿಗಳಿಂದ ಅದನ್ನು ಅಗಲಿಸಿ ಒಂಟಿಯಾಗಿ ಕೂಡಿಹಾಕಬಾರದು. ಇಲಿ ಗುಂಪಿನ ಪ್ರಾಣಿ. ಏಕಾಂತವಾಸ ಅದನ್ನು ಇನ್ನಷ್ಟು ಕೆಡಿಸುತ್ತದೆ. ತನ್ನವರನ್ನೇ ರಕ್ತ ಬರುವಂತೆ ಕಚ್ಚತೊಡಗಿದಾಗ ಮಾತ್ರ ಬೇರ್ಪಡಿಕೆ ಅನಿವಾರ್ಯ.

ಅಲ್ಲಿಗೂ ಬಗ್ಗದ ಗಂಡುಗಳಿಗೆ ಶಸ್ತ್ರಚಿಕಿತ್ಸೆಯ ದಾರಿಯಿದೆ. ಹೋರಿಯ ಬೀಜ ಒಡೆಸಿ ಎತ್ತು ಮಾಡುವ ರೈತನಿಗೆ ಇದರ ತತ್ತ್ವ ಹೊಸದಲ್ಲ. ವೃಷಣಗಳನ್ನು ತೆಗೆದ ಮೇಲೆ ಪುರುಷಸ್ರಾವ ರಕ್ತದಿಂದ ಇಳಿದು, ಕೆಲವು ವಾರಗಳಲ್ಲಿ ದರ್ಪ ಕರಗುತ್ತದೆ. ಶಸ್ತ್ರಕ್ರಿಯೆಯ ಮರುದಿನವೇ ಕೈ ಹಾಕಿ ಕಚ್ಚಿಸಿಕೊಂಡು ಹಣ ವ್ಯರ್ಥವಾಯಿತೆಂದು ಹಲುಬಬಾರದು. ಸಣ್ಣ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ಅನುಭವವಿರುವ ವೈದ್ಯರೇ ಆಗಬೇಕು. ನಾಯಿ ಬೆಕ್ಕುಗಳಂತೆ ಇಲಿಯನ್ನು ಹಿಂದಿನ ರಾತ್ರಿಯಿಂದ ಉಪವಾಸ ಕೆಡವುವ ಅಗತ್ಯವಿಲ್ಲ, ಏಕೆಂದರೆ ಇಲಿಗೆ ವಾಂತಿ ಮಾಡಿಕೊಳ್ಳಲು ಬಾರದು! ಹುಟ್ಟಿನ ಉಗ್ರತೆ, ಭಯ, ನೋವುಗಳಿಗೆ ಈ ಚಿಕಿತ್ಸೆ ಮದ್ದಲ್ಲ. ನೋವಿಗೆ ಚಿಕಿತ್ಸೆಯಿಲ್ಲದಾಗ, ಪ್ರಾಣಿಗೆ ಬದುಕೇ ಹಿಂಸೆಯಾದಾಗ ವೈದ್ಯನ ಸೂಜಿ ಕ್ರೌರ್ಯವಲ್ಲ. ಆದರೆ ಒಂದೇ ಕಡಿತಕ್ಕೆ ಆ ತೀರ್ಪು ಕೊಡುವುದು ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟಂತಾದೀತು.

ಗಾಯದ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಧನುರ್ವಾಯುವಿನ ಲಸಿಕೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಆರೋಗ್ಯವಾಗಿ ಕಾಣುವ ಇಲಿಯ ಬಾಯಿಯಲ್ಲಿಯೂ ಇಲಿಕಡಿತದ ಜ್ವರದ ಸೂಕ್ಷ್ಮಾಣು ಇರಬಲ್ಲದು. ಸಾಮಾನ್ಯವಾಗಿ ಮೂರರಿಂದ ಹತ್ತು ದಿನಗಳೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಗಾಯ ಮಾಯ್ದ ಮೇಲೂ ಚಳಿಜ್ವರ, ಕೀಲುನೋವು, ಮೈಮೇಲೆ ಗಂದೆ ಕಾಣಿಸಿಕೊಂಡರೆ ಇಲಿ ಕಚ್ಚಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಪೆನಿಸಿಲಿನ್‌ನಿಂದ ಗುಣವಾಗುವ ಕಾಯಿಲೆ ಇದು. ಹೇಳದೆ ಮುಚ್ಚಿಟ್ಟರೆ ಪ್ರಾಣಕ್ಕೆ ಬಂದೀತು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಇಲಿಯನ್ನು ಕೊಡಲೇ ಕೂಡದು. ಬೋನಿಗೆ ಬಿದ್ದ ಮನೆಯ ಇಲಿಯನ್ನೋ ಹೆಗ್ಗಣವನ್ನೋ ಪಳಗಿಸುವ ಸಾಹಸವಂತೂ ಯಾರಿಗೂ ಬೇಡ.

ಒಲಿದ ಇಲಿಯ ಆನಂದ ಮನುಷ್ಯನ ಕಿವಿಗೆ ಕೇಳುವುದಿಲ್ಲ. ಅಮೆರಿಕದ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ ೧೯೯೦ರ ದಶಕದ ಕೊನೆಯಲ್ಲಿ ಎಳೆಯ ಇಲಿಗಳ ಕತ್ತು, ಹೊಟ್ಟೆಗಳಿಗೆ ಕಚಗುಳಿಯಿಟ್ಟು ಯಂತ್ರದ ಮೂಲಕ ಆಲಿಸಿದಾಗ, ಅವು ಸೆಕೆಂಡಿಗೆ ಸುಮಾರು ೫೦,೦೦೦ ಕಂಪನಗಳ ದನಿಯಲ್ಲಿ ಚಿಲಿಪಿಲಿಗುಟ್ಟುತ್ತ ಕಚಗುಳಿಯಿಟ್ಟ ಕೈಯನ್ನೇ ಬೆನ್ನಟ್ಟಿ ಬಂದುವು. ಭಯಗೊಂಡಾಗಿನ ದನಿ ಸುಮಾರು ೨೨,೦೦೦ ಕಂಪನಗಳದು. ೨೦೧೬ರಲ್ಲಿ ಬರ್ಲಿನ್ನಿನ ಸಂಶೋಧಕರಿಬ್ಬರು ಇಲಿಗಳನ್ನು ಎತ್ತರದ ಇಕ್ಕಟ್ಟಾದ ಹಲಗೆಯ ಮೇಲೆ ನಿಲ್ಲಿಸಿ ಕಚಗುಳಿಯಿಟ್ಟಾಗ ನಗು ಅಡಗಿಹೋಯಿತು, ಅಂಜಿಕೆಯಿದ್ದಲ್ಲಿ ಆಟವಿಲ್ಲ.

ಯಂತ್ರವಿಲ್ಲದ ಮನೆಗಳಲ್ಲಿ ಗುರುತು ಬೇರೆ. ವಾರಗಟ್ಟಲೆ ಚಮಚ ಹಿಡಿದು ಕುಳಿತವರ ಮಡಿಲಲ್ಲಿ ಒಂದು ಸಂಜೆ ಇಲಿ ಮೈಚೆಲ್ಲಿ ಮಲಗುತ್ತದೆ. ಆಗ ಮೆಲ್ಲಗೆ ಹಲ್ಲು ಮಸೆಯುವ ಕಟಕಟ ಸದ್ದು ಕೇಳುತ್ತದೆ, ಕಣ್ಣುಗುಡ್ಡೆಗಳು ಹೊರಕ್ಕೂ ಒಳಕ್ಕೂ ಪಟಪಟನೆ ಅದುರುತ್ತವೆ. ಹೊಸಬರಾದವರು ಮತ್ತೆ ಕಚ್ಚಲಿದೆಯೆಂದು ಬೆದರಿ ಅದನ್ನು ಕೆಳಗಿಳಿಸಿಬಿಡುತ್ತಾರೆ. ಬಲ್ಲವರು ಅಲುಗದೆ ಕೂರುತ್ತಾರೆ: ಹಲ್ಲಿನ ಸ್ನಾಯು ಕಣ್ಣಿನ ಹಿಂದೆಯೇ ಹಾದುಹೋಗುವುದರಿಂದ ಹಾಗಾಗುತ್ತದೆ. ಬೆಕ್ಕು ಗುರುಗುಟ್ಟಿದಂತೆ, ಇಲಿ ಸುಖಪಡುತ್ತಿದೆ.